ಊರಿನ ನೀರು, ಪರದೇಶದ ಕೂಸು

ಮಕ್ಕಳನ್ನು ಕರೆದುಕೊಂಡು ಪರದೇಶಕ್ಕೆ ಹೋಗುವಾಗ, ಅಲ್ಲಿಂದ ಊರಿಗೆ ಬರುವಾಗ ಊಟ-ನೀರಿನ ಕಾಳಜಿ ಹೇಗೆ? ಅಫಜಲಪುರ ತಾಲ್ಲೂಕಿನ ಅತನೂರಿನ ಮಗಳು, ಈಗ ದುಬೈನಲ್ಲಿರುವ ಇಬ್ಬರು ಮಕ್ಕಳ ತಾಯಿ ನಮ್ಮ ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತುಗಳ ಬರಹ ರೂಪ ಇಲ್ಲಿದೆ.

ಬಸ್ಸಿನ್ಯಾಗ ಕುಂತು ಇಯರ್‌ಫೋನ್ ಹಾಕ್ಕೊಂಡು ಕೇಳೋರಿಗೂ, ರೊಟ್ಟಿ ಬಡೀತಾ ಮೊಬೈಲ್ ಗ್ವಾಡಿಗೆ ಆನಿಸಿಟ್ಟು ಕೇಳೋರಿಗೂ ನಮಸ್ಕಾರ.

ನಾನು ಅತನೂರಿನಾಕಿ. ಮದುವಿ ಆದ ಮ್ಯಾಲೆ ಯಜಮಾನ್ರ ಕೆಲಸದ ಸಲುವಾಗಿ ದುಬೈಗೆ ಹೋಗಿ ಇದ್ದೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಒಂದು ಸಲ ತಪ್ಪು ಮಾಡಿ, ಕೂಸಿನ ಜೀವ ಕೈಯಾಗ ಹಿಡ್ಕೊಂಡು ಓಡಿ, ಆಮ್ಯಾಲೆ ಡಾಕ್ಟರ್ ಹೇಳಿದ್ದು, ಆಶಾ ಅಕ್ಕ ಹೇಳಿದ್ದು ಎಲ್ಲಾ ಕೂಡಿಸಿ ಕಲಿತಾಕಿ. ಆ ಕಲಿತಿದ್ದನ್ನ ಇವತ್ತು ನಿಮ್ಮ ಮುಂದ ಇಡ್ತೀನಿ.

ನಮ್ಮ ಭಾಗದಾಗ ಈಗ ಮನಿಗೊಬ್ಬರು ಹೊರಗ ಅದಾರ. ಪುಣೆ, ಮುಂಬೈ, ಹೈದರಾಬಾದ್ ಅಂತೂ ಹಳೇ ಮಾತು. ದುಬೈ, ಮಸ್ಕತ್, ದೋಹಾ, ಸಿಂಗಪುರ, ಅಮೆರಿಕಾ ತನಕ ಹೋಗ್ಯಾರ. ಹೋಗೋರಿಗೆ ಮನ್ಯಾಗ ಎಲ್ಲಾರೂ ಹೇಳೋದು ಒಂದೇ ಮಾತು: "ಪರದೇಶದ ನೀರು, ಹುಷಾರು." ನನಗೂ ಹಂಗೇ ಹೇಳಿದ್ರು. ಆದ್ರ ನನ್ನ ಮಗನಿಗೆ ಆರಾಮ ತಪ್ಪಿದ್ದು ಪರದೇಶದಾಗ ಅಲ್ಲ, ಅತನೂರಿನಾಗ. ಅದು ಹೆಂಗ ಅಂತ ಹೇಳೋಕಿಂತ ಮೊದಲು ನಮ್ಮ ಮೊದಲ ಪ್ರಯಾಣದ ಮಾತು ಹೇಳ್ತೀನಿ. ಬುತ್ತಿ ಕಟ್ಟೋದರಿಂದಲೇ ಶುರು ಮಾಡೋಣ.

ನನ್ನ ಮಗಳು ತವರುಮನ್ಯಾಗ ಹುಟ್ಟಿದಾಕಿ. ಆಕಿ ಎಂಟು ತಿಂಗಳಿನಾಕಿ ಇದ್ದಾಗ ನಾವು ಹೊಂಟ್ವಿ. ಅತನೂರಿಂದ ಕಲಬುರಗಿಗೆ ಬಸ್ಸು, ಅಲ್ಲಿಂದ ಹೈದರಾಬಾದಿಗೆ ರೈಲು, ಅಲ್ಲಿಂದ ವಿಮಾನ. ಮನಿ ಬಿಟ್ಟು ದುಬೈ ಮನಿ ಮುಟ್ಟೋತನಕ ಒಂದು ದಿನದ ಹಾದಿ. ನಮ್ಮ ಆಯಿ ಎರಡು ದಿನ ಕುಂತು ಬುತ್ತಿ ಮಾಡಿದ್ಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಂಡಿ, ಮತ್ತ ಒಂದು ಡಬ್ಬಿ ತುಂಬ ಕರ್ಚಿಕಾಯಿ.

ಆ ಕರ್ಚಿಕಾಯಿ ನೋಡಿ, ಕುವೈತ್‌ನಾಗ ಹತ್ತು ವರ್ಷ ದುಡಿದು ಬಂದ ಬಾಜು ಮನಿ ಕಾಕಾ ಕೇಳಿದ್ರು, "ಇದ್ರಾಗ ಕಸಕಸಿ ಹಾಕೀರೇನವ್ವಾ?" ಹಾಕಿದ್ಳು. ನಮ್ಮ ಕಡೆ ಕರ್ಚಿಕಾಯಿ ಹೂರ್ಣಕ್ಕ ಕಸಕಸಿ ಹಾಕೋದು ರೂಢಿ ಅದಲ್ರಿ. ಕಾಕಾ ಆ ಡಬ್ಬಿ ತೆಗೆದು ಬಾಜೂಕ ಇಟ್ರು. ಕಸಕಸಿ ಅಂದ್ರ ಅಫೀಮು ಗಿಡದ ಬೀಜ. ನಮ್ಮಲ್ಲಿ ಅದು ಅಡಗಿಮನಿ ಸಾಮಾನು. ಯುಎಇ, ಸೌದಿ ಅರೇಬಿಯಾದಾಗ ನಿಷೇಧಿತ ವಸ್ತು. ಗೊತ್ತಿಲ್ಲದ ಒಯ್ದವರೂ ಜೈಲು ಕಂಡಾರ. ಅದಕ್ಕ ಗಲ್ಫ್‌ಗೆ ಹೋಗೋರು ಮನಿ ಹಿರಿಯರಿಗೆ ಮೊದಲೇ ಹೇಳ್ರಿ, ಕಸಕಸಿ ಬ್ಯಾಡ, ಕಸಕಸಿ ಹಾಕಿದ ಮಸಾಲಿ ಪುಡಿನೂ ಬ್ಯಾಡ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕಾಕ್ಕ ಹೋಗೋರಿದ್ರ ಹಣ್ಣು, ಬೀಜ, ಹಾಲಿನ ಪದಾರ್ಥಕ್ಕ ಬ್ಯಾರೆ ಕಟ್ಟುನಿಟ್ಟು ಅದ. ಏನೇ ತಿನ್ನೋ ವಸ್ತು ಇದ್ರೂ ಅಲ್ಲಿಯ ಅಧಿಕಾರಿಗಳಿಗೆ ಮೊದಲೇ ತಿಳಿಸಿಬಿಡ್ರಿ. ತಿಳಿಸಿದ್ರ ಬಹಳ ಅಂದ್ರ ಆ ವಸ್ತು ತೆಗೆದಿಟ್ಕೋತಾರ. ಮುಚ್ಚಿಟ್ರ ದಂಡ ಬೀಳ್ತದ.

ಇನ್ನ ಹಾದಿಯಾಗ ಏನು ತಿನ್ನಿಸೋದು? ಇಲ್ಲಿ ನಮ್ಮ ಆಯಿ ಗೆದ್ದಳು. ಖಡಕ್ ರೊಟ್ಟಿ ಯಾಕ ತಿಂಗಳಗಟ್ಟಲೆ ಕೆಡಂಗಿಲ್ಲ? ಅದ್ರಾಗ ನೀರಿನ ಪಸೆ ಇರಂಗಿಲ್ಲ. ರೋಗದ ಜಂತು ಬೆಳೀಬೇಕಂದ್ರ ನೀರು ಬೇಕು, ಬೆಚ್ಚಗಿರಬೇಕು, ವ್ಯಾಳ್ಯಾ ಬೇಕು. ಒಣಾ ರೊಟ್ಟಿ, ಹುರಿದ ಶೇಂಗಾ, ಚುರುಮುರಿ, ಬಿಸ್ಕಿಟ್‌ನಾಗ ನೀರಿಲ್ಲ, ಅದಕ್ಕ ಅವು ಪ್ರಯಾಣಕ್ಕ ಚಲೋ. ಆದ್ರ ಸಣ್ಣ ಮಕ್ಕಳಿಗೆ ಇಡೀ ಶೇಂಗಾ ಕೊಡಬ್ಯಾಡ್ರಿ, ಗಂಟಲಿಗೆ ಸಿಗ್ತದ. ಹಿಂಡಿ, ಖಾರದ ಪುಡಿ, ಉಪ್ಪಿನಕಾಯಿ ಎಲ್ಲಾ ದೊಡ್ಡ ಬ್ಯಾಗಿನಾಗ ಹಾಕ್ರಿ, ಕೈಚೀಲದಾಗ ಬ್ಯಾಡ.

ಒದ್ದಿ ಪದಾರ್ಥದ ಲೆಕ್ಕ ಬ್ಯಾರೆ. ಅನ್ನ, ಪಲ್ಯ, ಮೊಸರನ್ನ, ಮೊಟ್ಟಿ, ಮಾಂಸ ಇವು 5 ಡಿಗ್ರಿಯಿಂದ 60 ಡಿಗ್ರಿ ಉಷ್ಣತಾದ ನಡುವ ಇದ್ದಷ್ಟು ಹೊತ್ತು ಜಂತು ಬೆಳೀತಾವ. ಎರಡು ತಾಸಿಗಿಂತ ಜಾಸ್ತಿ ಹೊರಗಿದ್ದ ಅಡಗಿ ಮಕ್ಕಳಿಗೆ ಕೊಡಬಾರದು. 32 ಡಿಗ್ರಿ ಮೀರಿದ ಬಿಸಲಿದ್ರ ಒಂದೇ ತಾಸು. ನಮ್ಮ ಕಲಬುರಗಿ ಬಿಸಲಿಗೆ, ದುಬೈ ಬಿಸಲಿಗೆ ಈ ಒಂದು ತಾಸಿನ ಲೆಕ್ಕಾನೇ ಇಟ್ಕೋರಿ. ಹೋಟೆಲ್‌ಗೆ ಹೋದ್ರ ಬಫೆ ಮ್ಯಾಲೆ ಮುಂಜಾನಿಂದ ಇಟ್ಟಿದ್ದು ಬ್ಯಾಡ, ಕಣ್ಣ ಮುಂದ ಮಾಡಿ ಹೊಗಿ ಆಡೋದು ಕೊಡ್ರಿ ಅನ್ರಿ. ಹಸಿ ಸಲಾಡ್, ಹೆಚ್ಚಿಟ್ಟ ಹಣ್ಣು ಬಿಡ್ರಿ. ಬಾಳಿಹಣ್ಣು, ಕಿತ್ತಳಿ ಅಂಥಾದ್ದನ್ನ ಕೈ ತೊಳ್ಕೊಂಡು ನೀವೇ ಸುಲಿದು ಕೊಡ್ರಿ.

ಪುಡಿ ಹಾಲು ಕುಡಿಯೋ ಕೂಸಿದ್ರ ಒಂದು ಮಾತು. ಆ ಪುಡಿ ಸ್ವತಃ ಜಂತುರಹಿತ ಇರಂಗಿಲ್ಲ. ಅದಕ್ಕ ನೀರು ಕುದಿಸಿ, 70 ಡಿಗ್ರಿಗಿಂತ ಕಡಿಮಿ ಆಗೋದರೊಳಗ ಪುಡಿ ಕಲಸಬೇಕು, ಆಮ್ಯಾಲೆ ಆರಿಸಿ ಕುಡಿಸಬೇಕು. ಎರಡು ತಾಸಿನೊಳಗ ಕುಡೀದಿದ್ರ ಚೆಲ್ಲಿಬಿಡಬೇಕು. ನಾನು ರೈಲಿನಾಗ ಎರಡು ಥರ್ಮಾಸ್ ಬಿಸಿನೀರು ಒಯ್ದಿದ್ದೆ. ಪುಡಿ ಒಂದೊಂದು ಸಲಕ್ಕ ಎಷ್ಟು ಬೇಕೋ ಅಷ್ಟು ಅಳೆದು ಸಣ್ಣ ಸಣ್ಣ ಡಬ್ಬಿಗೆ ಹಾಕಿದ್ದೆ. ವಿಮಾನದಾಗ 100 ಮಿಲಿಲೀಟರ್‌ಗಿಂತ ಜಾಸ್ತಿ ನೀರು ಕೈಚೀಲದಾಗ ಬಿಡಂಗಿಲ್ಲ ಖರೆ, ಆದ್ರ ಕೂಸಿನ ಹಾಲಿಗೆ, ಕೂಸಿನ ನೀರಿಗೆ ಹಾದಿಗೆ ಬೇಕಾದಷ್ಟು ಬಿಡ್ತಾರ. ತಪಾಸಣಿ ಮಾಡೋರಿಗೆ ಮೊದಲೇ ತೋರಿಸಬೇಕು. ಆರು ತಿಂಗಳೊಳಗಿನ ಕೂಸಿಗೆ ತಾಯಿ ಹಾಲೊಂದೇ ಸಾಕು. ಎಂಥಾ ಬಿಸಲಿದ್ರೂ ಮ್ಯಾಲಿಂದ ನೀರು ಬ್ಯಾಡ. ಪ್ರಯಾಣದಾಗ ಇದಕ್ಕಿಂತ ಸುರಕ್ಷಿತ ಆಹಾರ ಬ್ಯಾರೆ ಇಲ್ಲ.

ಈಗ ನೀರಿನ ಮಾತು. ದುಬೈನಾಗ ಸಮುದ್ರದ ನೀರಿನ ಉಪ್ಪು ತೆಗೆದು ನಲ್ಲಿಗೆ ಬಿಡ್ತಾರ. ಸ್ಥಾವರದಿಂದ ಚಲೋ ನೀರೇ ಬರ್ತದ. ಆದ್ರ ಅದು ಕಟ್ಟಡದ ಟ್ಯಾಂಕಿನಾಗ ನಿಂತು ಮನಿಗೆ ಬರ್ತದ, ಟ್ಯಾಂಕ್ ಹೊಲಸಿದ್ರ ನೀರೂ ಹೊಲಸು. ಅದಕ್ಕ ಬಹಳ ಜನ ಬಾಟ್ಲಿ ನೀರು ಕುಡೀತಾರ. ಸಿಂಗಪುರ, ಜಪಾನ್‌ದಾಗ ನಲ್ಲಿ ನೀರು ಹಂಗೇ ಕುಡೀಬಹುದು. ನೇಪಾಳ, ಬಾಲಿ ಕಡೆ ತಿರುಗಾಡಾಕ ಹೋದ್ರ ಕುಡೀಬಾರದು, ಹಲ್ಲು ತಿಕ್ಕಾಕೂ ಕುದಿಸಿದ್ದು ಇಲ್ಲಾ ಸೀಲ್ ಇದ್ದ ಬಾಟ್ಲಿ ನೀರೇ ಬಳಸಬೇಕು. ಅಲ್ಲಿಯ ಬರ್ಫನೂ ಬ್ಯಾಡ. ಬರ್ಫ ಆದ್ರ ಜಂತು ಸಾಯ್ತಾವ ಅಂತ ಭಾಳ ಮಂದಿ ತಿಳ್ಕೊಂಡಾರ. ಸಾಯಂಗಿಲ್ಲ, ಸುಮ್ಮನ ಮಲಗಿರ್ತಾವ. ನೀರು ಯಾವುದಂತ ಗೊತ್ತಾಗಲಿಲ್ಲ ಅಂದ್ರ ಕುದಿಸ್ರಿ. ಕುದಿ ಬಂದು ಗುಳ್ಳಿ ಏಳಾಕ ಹತ್ತಿದ ಮ್ಯಾಲೆ ಒಂದು ನಿಮಿಷ ಸಾಕು. ಭಾಳ ಎತ್ತರದ ಗುಡ್ಡದ ಊರಾಗ, ಅಂದ್ರ 2000 ಮೀಟರ್ ದಾಟಿದ್ರ, ಮೂರು ನಿಮಿಷ. ಅಲ್ಲಿ ನೀರು ಕಡಿಮಿ ಬಿಸಿಗೇ ಕುದೀತದ, ಅದಕ್ಕ.

ಇಷ್ಟೆಲ್ಲಾ ಗೊತ್ತಿದ್ದಾಕಿ ನಾನು. ದುಬೈನಾಗ ಮಕ್ಕಳಿಗೆ ಒಂದು ದಿನ ಹೊಟ್ಟಿ ಕೆಡಲಿಲ್ಲ. ಮಗ ಅಲ್ಲೇ ಹುಟ್ಟಿದ.

2024ರ ಬೇಸಗಿಗೆ ಊರಿಗೆ ಬಂದ್ವಿ. ಮಗನಿಗೆ ಆಗ ಎರಡು ವರ್ಷ. ಅತನೂರು ಮುಟ್ಟಿದ ಕೂಡ್ಲೆ ನನ್ನ ಎಲ್ಲಾ ಕಾಳಜಿ ಗಂಟು ಕಟ್ಟಿ ಮೂಲಿಗಿಟ್ಟೆ. ಯಾಕಂದ್ರ ಇದು ನನ್ನ ಊರು, ಇದು ನಾನು ಕುಡಿದು ಬೆಳೆದ ನೀರು. ಆದ್ರ ನನ್ನ ಮಗನಿಗೆ ಅತನೂರೇ ಪರದೇಶ ಅನ್ನೋದು ನನಗ ಹೊಳೀಲೇ ಇಲ್ಲ.

ಎರಡನೇ ದಿನ ಎಲ್ಲಾರೂ ಕೂಡಿ ಗಾಣಗಾಪುರಕ್ಕ ಹೋದ್ವಿ. ದತ್ತನ ದರ್ಶನ ಆತು, ಭೀಮಾ-ಅಮರ್ಜಾ ಸಂಗಮದಾಗ ಮಕ್ಕಳು ನೀರಾಟ ಆಡಿದ್ರು. ಹೊರಗ ಬಂದು ಬರ್ಫ ಹಾಕಿದ ಕಬ್ಬಿನ ಹಾಲು ಕುಡಿದ್ವಿ, ಮಗನೂ ಕುಡಿದ. ಮನಿಗೆ ಬಂದು ಕೊಡದಾಗಿನ ನೀರಿಗೆ ಅವನೇ ಗ್ಲಾಸ್ ಅದ್ದಿ ಅದ್ದಿ ಕುಡಿದ. ಇದ್ರಾಗ ಯಾವುದು ಮುಟ್ಟಿತೋ ಇವತ್ತಿಗೂ ಗೊತ್ತಿಲ್ಲ. ಮರುದಿನ ನಸೀಕ್ಲೆ ಶುರು ಆತು ವಾಂತಿ, ಭೇದಿ. ಮಧ್ಯಾಹ್ನ ಆಗೋದರೊಳಗ ಎಂಟು ಸಲ.

ಆಯಿ ಅಂದ್ಳು, "ಕೂಸಿಗೆ ನೀರು ಕೊಡಬ್ಯಾಡ, ಹೊಟ್ಟಿ ಒಣಗಲಿ, ತಾನೇ ನಿಲ್ತದ." ನಾನು ಓದಿದಾಕಿ, ಹಂಗ ಮಾಡಬಾರದಂತ ಗೊತ್ತಿತ್ತು. ಔಷಧ ಅಂಗಡಿಯಿಂದ ಒಆರ್‌ಎಸ್ ತರಿಸಿದೆ. ಬಂದಿದ್ದು ಕಿತ್ತಳಿ ರುಚಿಯ ಪೆಟ್ಟಿಗಿ ಜ್ಯೂಸು. ಡಬ್ಬಿ ಮ್ಯಾಲೆ ದೊಡ್ಡದಾಗಿ ಆ ಮೂರು ಅಕ್ಷರ ಇದ್ವು. ಮಗ ಖುಷಿಲೆ ಕುಡಿದ, ಅಷ್ಟು ಸಿಹಿ ಇತ್ತು. ಒಂದಾದ ಮ್ಯಾಲೆ ಒಂದು, ಮೂರು ಡಬ್ಬಿ ಕುಡಿಸಿದೆ. ಭೇದಿ ಜೋರಾತು.

ಸಂಜೀಕ ಅವ ಅತ್ತ. ಬಾಯಿ ತೆಗೆದಿದ್ದ, ಆದ್ರ ಕಣ್ಣಾಗ ನೀರು ಬರಲಿಲ್ಲ. ಮುಂಜಾನಿಂದ ಡೈಪರ್ ಒದ್ದಿ ಆಗಿರಲಿಲ್ಲ. ಕಣ್ಣು ಒಳಗ ಹೋಗಿದ್ವು. ಎತ್ತಿಕೊಂಡ್ರ ಹೆಗಲ ಮ್ಯಾಲೆ ಒದ್ದಿ ಅರಿಬಿ ಹಾಕ್ಕೊಂಡಂಗ ಆತು. ಅವ್ವ ಓಡಿಹೋಗಿ ಓಣ್ಯಾಗಿನ ಆಶಾ ಅಕ್ಕನ್ನ ಕರ್ಕೊಂಡು ಬಂದ್ಳು. ಆಕಿ ಆ ಖಾಲಿ ಡಬ್ಬಿ ನೋಡಿ ಒಂದೇ ಮಾತು ಅಂದ್ಳು: "ತಂಗಿ, ಇದು ಒಆರ್‌ಎಸ್ ಅಲ್ಲ. ಇದು ಸಕ್ರಿ ನೀರು."

ಆಕಿ ಚೀಲದಾಗ ಸರಕಾರದ ಪ್ಯಾಕೆಟ್ ಇತ್ತು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಇಡೀ ಪ್ಯಾಕೆಟ್ ಹಾಕಿದ್ಳು, ಚಮಚದಿಂದ ಒಂದೊಂದೇ ಗುಟುಕು ಕುಡಿಸಿಕೋತ 108ಕ್ಕ ಫೋನ್ ಹಚ್ಚಿಸಿದ್ಳು. ದವಾಖಾನ್ಯಾಗ ರಾತ್ರಿ ಎಲ್ಲಾ ಸಲಾಯಿನ್ ಹಚ್ಚಿದ್ರು. ಬೆಳಗಿನ ಜಾವಕ್ಕ ಅವ ಉಚ್ಚಿ ಹೊಯ್ದ. ಯಾರಿಗಾದ್ರೂ ನಗು ಬರಬಹುದು, ಆ ದಿನ ಆ ಒದ್ದಿ ಚಾದರ ನೋಡಿ ನಾನು ಅತ್ತಿದ್ದೆ.

ಆಮ್ಯಾಲೆ ಡಾಕ್ಟರ್ ತಿಳಿಸಿ ಹೇಳಿದ್ರು. ನಮ್ಮ ಕರುಳಿನ ಗ್ವಾಡಿಗೆ ಒಂದು ಬಾಗಿಲದಂಥಾದ್ದು ಅದ. ಉಪ್ಪು ಮತ್ತ ಗ್ಲೂಕೋಸ್ ಕೂಡಿ ಬಂದ್ರ ಆ ಬಾಗಿಲು ತೆಗೀತದ, ಅವುಗಳ ಬೆನ್ನ ಹಿಂದ ನೀರೂ ಮೈಯೊಳಗ ಹೋಗ್ತದ. ಭೇದಿ ಆಗುವಾಗೂ ಈ ಬಾಗಿಲು ಕೆಲಸ ಮಾಡ್ತದ. ಆದ್ರ ಅಳತಿ ಸರಿ ಇರಬೇಕು. ಸಕ್ರಿ ಜಾಸ್ತಿ ಆದ್ರ ಅದು ಉಲ್ಟಾ ಮೈಯಾಗಿನ ನೀರನ್ನೇ ಕರುಳಿಗೆ ಎಳೀತದ, ಭೇದಿ ಹೆಚ್ಚಾಗ್ತದ. ನನ್ನ ಮಗನಿಗೆ ಆಗಿದ್ದು ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಅಳತಿ ಅಂದ್ರ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಎಲ್ಲಾ ಕೂಡಿಸಿದ್ರ 20.5 ಗ್ರಾಂ. ಪ್ಯಾಕೆಟ್ ಹಿಂದ ಈ ಲೆಕ್ಕ ಓದಿ ತಗೋರಿ.

ಈ ಪುಡಿ ಹಿಂದ ನಮ್ಮ ದೇಶದ ಒಬ್ಬ ಮಕ್ಕಳ ಡಾಕ್ಟರ್ ಕಥಿ ಅದ. 1971ರ ಬಾಂಗ್ಲಾ ಯುದ್ಧದಾಗ ಪಶ್ಚಿಮ ಬಂಗಾಳದ ಬನ್‌ಗಾಂವ್‌ಗೆ ನಿರಾಶ್ರಿತರು ತುಂಬಿ ಬಂದ್ರು, ಕಾಲರಾ ಬಿತ್ತು. ಸಲಾಯಿನ್ ಸಾಲದಾತು. ಅಲ್ಲಿದ್ದ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡಗಿ ಸೋಡಾ ಕಲಸಿದ ನೀರು ಡ್ರಮ್ಮಿನಾಗ ತುಂಬಿ, ರೋಗಿಗಳ ಮನಿ ಮಂದಿ ಕೈಲೇ ಕುಡಿಸಾಕ ಹಚ್ಚಿದ್ರು. ಶೇ 20-30 ಸಾವು ಆಗೋ ಜಾಗದಾಗ ಅದು ಶೇ 4ಕ್ಕಿಂತ ಕೆಳಗ ಇಳೀತು. ಅವರು 2022ರಾಗ ತೀರಿಕೊಂಡ್ರು, 2023ರಾಗ ಮರಣೋತ್ತರ ಪದ್ಮವಿಭೂಷಣ ಬಂತು. ಸೂಜಿ ಇಲ್ಲ, ಮಷಿನ್ ಇಲ್ಲ. ತಾಯಿ ಕೈಯಾಗ ಒಂದು ಚಮಚ, ಅಷ್ಟೇ.

ಆ ಸಕ್ರಿ ನೀರಿನ ಮಾತಿಗೆ ಬಂದ್ರ, ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದ್ರು. ಕೊನೀಗೆ 2025ರ ಅಕ್ಟೋಬರ್‌ನಾಗ ಎಫ್‌ಎಸ್‌ಎಸ್‌ಎಐ, ಇಂಥಾ ಪಾನೀಯಗಳ ಹೆಸರಿನಾಗ ಒಆರ್‌ಎಸ್ ಅನ್ನೋ ಪದ ಬಳಸಬಾರದು ಅಂತ ಆದೇಶ ಹೊರಡಿಸ್ತು. ಪರದೇಶದಾಗ ಇದ್ದಾಗೂ ಹೆಸರು ನೋಡಬ್ಯಾಡ್ರಿ, ಅಳತಿ ನೋಡ್ರಿ. ಅದಕ್ಕಿಂತ ಚಲೋ ಅಂದ್ರ ಊರಿಂದಲೇ ಹತ್ತು ಪ್ಯಾಕೆಟ್ ಒಯ್ರಿ. ಭಾರ ಇಲ್ಲ, ರೊಕ್ಕನೂ ಹೆಚ್ಚಿಲ್ಲ.

ಕುಡಿಸೋ ರೀತಿ ಹಿಂಗ. ಲೀಟರ್ ಪ್ಯಾಕೆಟ್ ಇದ್ರ ಇಡೀ ಲೀಟರ್ ನೀರಿಗೇ ಹಾಕಬೇಕು. ಒಂದು ಗ್ಲಾಸ್‌ಗೆ ಚೂರು ಪುಡಿ ಅಂತ ಅಂದಾಜಿಲೆ ಹಾಕಬಾರದು. 200 ಮಿಲಿಲೀಟರ್‌ನ ಸಣ್ಣ ಪ್ಯಾಕೆಟ್‌ನೂ ಸಿಗ್ತಾವ, ಪ್ರಯಾಣಕ್ಕ ಅವೇ ಅನುಕೂಲ. ಎರಡು ವರ್ಷದೊಳಗಿನ ಕೂಸಿಗೆ ಒಂದೊಂದು ಸಲ ಭೇದಿ ಆದ ಮ್ಯಾಲೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿ ಆದ್ರ ಹತ್ತು ನಿಮಿಷ ತಡೆದು, ಮತ್ತ ಚಮಚದಿಂದ ನಿಧಾನಕ ಶುರು ಮಾಡ್ರಿ. ಕಲಸಿದ್ದು 24 ತಾಸು ಆದ್ರ ಚೆಲ್ರಿ. ಎದಿಹಾಲು ನಿಲ್ಲಿಸಬಾರದು, ಊಟ ನಿಲ್ಲಿಸಬಾರದು. ಆಯಿ ಮಾಡೋ ಗಂಜಿ, ಹೊಸಾ ಮಜ್ಜಿಗಿ ಎರಡೂ ಚಲೋ. ಜೋಡಿಗೆ ಝಿಂಕ್ ಮಾತ್ರಿ: ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕ 20 ಮಿಲಿಗ್ರಾಂ, ಅದಕ್ಕಿಂತ ಸಣ್ಣವಕ್ಕ 10, ಭೇದಿ ನಿಂತರೂ 14 ದಿನ ಪೂರ್ತಿ. ದೊಡ್ಡವರು ಭೇದಿ ನಿಲ್ಲಿಸಾಕ ನುಂಗೋ ಗುಳಿಗಿ ಸಣ್ಣ ಮಕ್ಕಳಿಗೆ ಕೊಡಲೇಬಾರದು. ಡಾಕ್ಟರ್ ಹೇಳದ ಆ್ಯಂಟಿಬಯಾಟಿಕ್‌ನೂ ಬ್ಯಾಡ.

ಯಾವಾಗ ಓಡಬೇಕು? ಅತ್ತರೂ ಕಣ್ಣೀರು ಬರದಿದ್ರ, ಆರು ತಾಸು ಉಚ್ಚಿ ಹೊಯ್ಯದಿದ್ರ, ಕಣ್ಣು ಗುಳಿ ಬಿದ್ರ, ಕೂಸು ಮಂಕಾದ್ರ, ಸಂಡಾಸಿನಾಗ ರಕ್ತ ಕಂಡ್ರ, ಕುಡಿದಿದ್ದೆಲ್ಲಾ ಕಕ್ಕಿದ್ರ, ಜೋರು ಜ್ವರ ಬಂದ್ರ ಮುಂಜಾನಿ ಆಗಲಿ ಅಂತ ಕಾಯಬ್ಯಾಡ್ರಿ. ನಾನು ಸಂಜೀ ತನಕ ಕಾದೆ. ನೀವು ಕಾಯಬ್ಯಾಡ್ರಿ.

ಹೊರಡೋಕಿಂತ ಮೊದಲು ಲಸಿಕಿ ಕಾರ್ಡ್ ತೆಗೆದು ನೋಡ್ರಿ. ರೋಟಾವೈರಸ್ ಲಸಿಕಿ ಸರಕಾರಿ ದವಾಖಾನ್ಯಾಗ ಪುಕ್ಕಟೆ, 6, 10, 14 ವಾರಕ್ಕ ಬಾಯಿಗೆ ಹಾಕ್ತಾರ. ಟೈಫಾಯ್ಡ್ ಲಸಿಕಿ ಆರು ತಿಂಗಳು ದಾಟಿದ ಮ್ಯಾಲೆ, ಹೆಪಟೈಟಿಸ್ ಎ ಒಂದು ವರ್ಷದ ಮ್ಯಾಲೆ. ಪ್ರಯಾಣಕ್ಕ ಒಂದು ತಿಂಗಳು ಮುಂಚೇನೇ ಮಕ್ಕಳ ಡಾಕ್ಟರ್ ಹತ್ರ ಕೇಳ್ರಿ. ಸ್ಯಾನಿಟೈಸರ್ ನಂಬಿ ಕೂಡ್ರಬ್ಯಾಡ್ರಿ, ವಾಂತಿ-ಭೇದಿ ತರೋ ಕೆಲವು ವೈರಸ್‌ಗೆ ಅದು ಸರಿಯಾಗಿ ನಾಟಂಗಿಲ್ಲ. ಸಾಬೂನು ಹಚ್ಚಿ 20 ಸೆಕೆಂಡ್ ತಿಕ್ಕಿ ತೊಳೀರಿ.

ಕೊನೀಗೆ ಊರಿನ ಮಾತು. ನಮ್ಮ ಹಳ್ಳಿಗೋಳಾಗ ಈಗ ಶುದ್ಧ ನೀರಿನ ಘಟಕ ಬಂದಾವ, ನಾಣ್ಯ ಹಾಕಿ ಕ್ಯಾನ್ ತುಂಬ್ಕೊಂಡು ಬರ್ತೀವಿ. ಅಲ್ಲಿ ನೀರು ಶುದ್ಧ ಇರ್ತದ. ಕ್ಯಾನ್ ಯಾವಾಗ ತೊಳೆದೀವಿ? ಕೊಡಕ್ಕ ಎಷ್ಟು ಮಂದಿ ಗ್ಲಾಸ್ ಅದ್ದೀವಿ? ಇನ್ನ ಬೋರ್‌ವೆಲ್ ನೀರು ಇದ್ರ, ಕುದಿಸೋದರಿಂದ ಜಂತು ಸಾಯ್ತಾವ, ಆದ್ರ ಫ್ಲೋರೈಡ್ ಹೋಗಂಗಿಲ್ಲ. ಅದಕ್ಕ ಘಟಕದ ನೀರು ತಂದು, ತೊಳೆದ ಕೊಡದಾಗ ಹಾಕಿ, ಮುಚ್ಚಿ, ಮಕ್ಕಳದ್ದು ಕುದಿಸಿ ಕೊಡೋದು ಸರಿ ಹಾದಿ. ಪಂಚಾಯ್ತಿ ನಲ್ಲಿ ಅಂತ ಕಣ್ಣು ಮುಚ್ಚಿ ಕುಡಿಯೋ ಹಂಗೂ ಇಲ್ಲ. 2023ರ ಆಗಸ್ಟ್‌ನಾಗ ಚಿತ್ರದುರ್ಗದ ಕವಾಡಿಗರಹಟ್ಟಿಯಾಗ ಕಲುಷಿತ ನೀರು ಕುಡಿದು ಜನ ಸತ್ತಿದ್ದು ನೆನಪಿರಬೇಕು. ಅದೂ ಮನಿ ಬಾಗಿಲ ನೀರೇ.

ಹೋದ ವರ್ಷ ಮತ್ತ ಅತನೂರಿಗೆ ಬಂದಾಗ ಆಯಿ ಕೊಡಕ್ಕ ಉದ್ದ ಹಿಡಿಕಿ ಇರೋ ಸೌಟು ಕಟ್ಟಿದ್ಳು. ಮ್ಯಾಲೆ ತಾಟು ಮುಚ್ಚಿದ್ಳು. ಯಾರೋ ಗ್ಲಾಸ್ ಅದ್ದಾಕ ಹೋದ್ರ ಬೈದ್ಳು, "ಕೈ ಹಾಕಬ್ಯಾಡೋ, ನಮ್ಮ ಮನಿಗೆ ಪರದೇಶದ ಕೂಸು ಬಂದದ." ಗ್ವಾಡಿ ಗೂಟಕ್ಕ ಒಂದು ಚೀಲ ಜೋತು ಬಿಟ್ಟಿದ್ಳು. ಒಳಗ ಆರು ಪ್ಯಾಕೆಟ್ ಒಆರ್‌ಎಸ್. ಆಕಿಗೆ ಓದಾಕ ಬರಂಗಿಲ್ಲ. ಆಶಾ ಅಕ್ಕನ ಕಡಿಂದ ಓದಿಸಿ ಇಟ್ಕೊಂಡಿದ್ಳು.

ಊರಿಗೆ ಮಕ್ಕಳು ಬರೋರಿದ್ರ, ಊರಿಂದ ಮಕ್ಕಳು ಹೋಗೋರಿದ್ರ, ನಿಮ್ಮ ಮನ್ಯಾಗೂ ಅಂಥಾದ್ದೊಂದು ಚೀಲ ಇರಲಿ. ಮನಿ ವಾಟ್ಸಾಪ್ ಗ್ರೂಪಿಗೆ ಈ ಮಾತು ಕಳಿಸ್ರಿ, ಮೊದಲು ಬುತ್ತಿ ಕಟ್ಟೋ ಆಯಿಗೆ ಕೇಳಿಸ್ರಿ.